ಹುಳುವಿಗೊಂದು ಕುಲ: ಕಾರವಾರದ ಕಾಡೂ ಮುಂಬಯಿಯ ಸಂಘವೂ

ಹೊಲ, ಗದ್ದೆ, ತೋಟಗಳನ್ನು ಬಿಟ್ಟು ಈ ನಗರಕ್ಕೆ ಬಂದು ನೆಲಸಿದ ನಮ್ಮ ಹಿರಿಯರಿಗೆ ಮೂರು ಹುಳುಗಳ ಪರಿಚಯ ಇದ್ದೇ ಇರುತ್ತದೆ. ಸೆಗಣಿಯನ್ನು ಉಂಡೆ ಕಟ್ಟಿ ಹಿಂಗಾಲಿನಿಂದ ಉರುಳಿಸಿಕೊಂಡು ಹೋಗುವ ಸೆಗಣಿ ಹುಳು ಒಂದು; ತೆಂಗಿನ ಸುಳಿಯನ್ನು ಕೊರೆದು ಕೆಡಿಸುವ, ತಲೆಯ ಮೇಲೆ ಕೊಂಬುಳ್ಳ ಕುರುವಾಯಿ ಇನ್ನೊಂದು; ಕಬ್ಬು, ಶೇಂಗಾ, ಅಡಿಕೆಗಳ ಬೇರನ್ನು ನೆಲದೊಳಗೇ ತಿಂದು ಮುಗಿಸುವ ಬಿಳಿಯ ಗೊಣ್ಣೆಹುಳು ಮೂರನೆಯದು. ಮೊದಲನೆಯದು ರೈತನಿಗೆ ಉಪಕಾರಿ, ಉಳಿದವೆರಡು ಶತ್ರುಗಳು. ಈ ಮೂರೂ ಒಂದೇ ಮನೆತನಕ್ಕೆ ಸೇರಿದವೆಂದರೆ ಅವನು ನಕ್ಕಾನು. ಆದರೆ ಮಾತು ನಿಜ. ಬೆಳೆದ ದುಂಬಿಯ ಮೀಸೆಯ ತುದಿಯನ್ನು ಮಸೂರದಲ್ಲಿ ನೋಡಿದರೆ, ಪುಸ್ತಕದ ಹಾಳೆಗಳಂತೆ ತೆರೆದು ಮುಚ್ಚುವ ಕೆಲವು ಪದರಗಳು ಕಾಣಿಸುತ್ತವೆ. ಸ್ಕ್ಯಾರಬ್ ಎಂಬ ಕುಟುಂಬದ ಗುರುತು ಅದು. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 30,000 ಪ್ರಭೇದಗಳು ಈವರೆಗೆ ಹೆಸರು ಪಡೆದಿವೆ.

ಇಷ್ಟು ದೊಡ್ಡ ಸಂಸಾರವನ್ನು ಒಪ್ಪ ಮಾಡುವುದು ಹೇಗೆ? ಹತ್ತಿರದ ನಂಟುಳ್ಳ ಪ್ರಭೇದಗಳನ್ನು ಒಂದು ‘ಕುಲ’ವಾಗಿ ಕೂಡಿಸುವುದೇ ಶಾಸ್ತ್ರಜ್ಞರು ಕಂಡುಕೊಂಡ ದಾರಿ. ಕುಲ ಎಂಬ ಶಬ್ದಕ್ಕೆ ನಮ್ಮಲ್ಲಿ ಮೇಲುಕೀಳಿನ ಕಹಿ ಅಂಟಿಕೊಂಡಿದೆ. ಹುಳುಗಳ ಕುಲದಲ್ಲಿ ಆ ಕಹಿ ಇಲ್ಲ. ಅಲ್ಲಿ ಕುಲವೆಂದರೆ ರಕ್ತಸಂಬಂಧ, ಅಷ್ಟೆ.

ಸ್ವೀಡನ್ ದೇಶದ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರು ಕೊಟ್ಟಾಗ ಸೆಗಣಿ ಹುಳುಗಳನ್ನೂ ಕುರುವಾಯಿಯನ್ನೂ ‘ಸ್ಕ್ಯಾರಬೇಯಸ್’ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದನು. ಅವನ ಶಿಷ್ಯ ಫ್ಯಾಬ್ರಿಸಿಯಸ್‌ನ ಕಾಲಕ್ಕೆ ತಮಿಳು ಕರಾವಳಿಯ ತರಂಗಂಬಾಡಿಯಲ್ಲಿದ್ದ ಡೇನಿಷ್ ವಸಾಹತಿನಿಂದಲೂ ಕೀಟಗಳು ಯುರೋಪಿಗೆ ಹೋಗತೊಡಗಿದವು. ಬಂದ ಹುಳುಗಳು ಹೆಚ್ಚಿದಂತೆ ಹಳೆಯ ಕುಲ ಸಾಲದಾಯಿತು. ಫ್ರಾನ್ಸಿನ ಲಾತ್ರೇಯ್ 1802ರಲ್ಲಿ ಸೆಗಣಿ ಹುಳುಗಳ ಒಂದು ಗುಂಪನ್ನು ಬೇರ್ಪಡಿಸಿ ‘ಆಂತೊಫೇಗಸ್’ ಕುಲವನ್ನು ಕಟ್ಟಿದನು. ಇಂದು ಆ ಒಂದೇ ಕುಲದಲ್ಲಿ 2,000ಕ್ಕೂ ಹೆಚ್ಚು ಪ್ರಭೇದಗಳಿವೆ.

ಈ ಕಥೆಯಲ್ಲಿ ನಮ್ಮ ನಾಡಿಗೂ ಮುಂಬಯಿಗೂ ಒಂದು ಪಾಲುಂಟು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅದರ ಆಡಳಿತ ಮುಂಬಯಿಯದೇ. ಮುಂಬಯಿಯಲ್ಲಿ 1883ರಲ್ಲಿ ಎಂಟು ಮಂದಿ ಸೇರಿ ನಿಸರ್ಗೇತಿಹಾಸ ಸಂಘವನ್ನು ಸ್ಥಾಪಿಸಿದರು. ಅವರಲ್ಲೊಬ್ಬನಾದ ಐಟ್‌ಕೆನ್ ಉಪ್ಪು ಮತ್ತು ಸುಂಕದ ಇಲಾಖೆಯ ನೌಕರ. ನಮ್ಮ ನೆರೆಯ ಉರಣದಲ್ಲಿಯೂ ಉತ್ತರ ಕನ್ನಡದಲ್ಲಿಯೂ ಕೆಲಸ ಮಾಡಿದವನು. ಅವನೂ, ಐ.ಸಿ.ಎಸ್. ಅಧಿಕಾರಿ ಡೇವಿಡ್‌ಸನ್ನನೂ, ಅರಣ್ಯಾಧಿಕಾರಿ ಟಿ. ಆರ್. ಬೆಲ್ಲನೂ ಕೂಡಿ ಉತ್ತರ ಕನ್ನಡದ ಚಿಟ್ಟೆಗಳ ಮೇಲೆ ಬರೆದ ಲೇಖನಮಾಲೆ 1896ರ ಸುಮಾರಿಗೆ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಬೆಲ್ಲನು ಚಿಟ್ಟೆಗಳಿಗೇ ನಿಲ್ಲದೆ ದುಂಬಿಗಳನ್ನೂ ಕೂಡಿಹಾಕಿದನು. 1920ರಲ್ಲಿ ನಿವೃತ್ತನಾದ ಮೇಲೂ ಸ್ವದೇಶಕ್ಕೆ ಮರಳದೆ ಕಾರವಾರದಲ್ಲೇ ನೆಲಸಿ, 1948ರಲ್ಲಿ ಅಲ್ಲಿಯೇ ತೀರಿಕೊಂಡನು.

ಕಾಡಿನಲ್ಲಿ ಹುಳು ಸಿಗುತ್ತದೆ, ಕುಲ ಸಿಗುವುದಿಲ್ಲ. ಅನೇಕ ದೇಶಗಳ ಹುಳುಗಳನ್ನು ಒಂದೇ ಮೇಜಿನ ಮೇಲೆ ಸಾಲಾಗಿಟ್ಟು ಹೋಲಿಸಿದಾಗಲೇ ಅದು ಗೋಚರವಾಗುವುದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆ ಮೇಜಿನ ಮುಂದೆ ಕುಳಿತಿದ್ದವನು ಗಿಲ್ಬರ್ಟ್ ಆರೋ. ಕುರುವಾಯಿಯ ಬಳಗದ ಕೆಲವು ಏಷ್ಯದ ದುಂಬಿಗಳನ್ನು ಹಿಂದಿನವರು ಅಮೆರಿಕದ ‘ಫಿಲ್ಯೂರಸ್’ ಕುಲಕ್ಕೆ ಸೇರಿಸಿದ್ದರು. ಆರೋ 1908ರಲ್ಲಿ ಇವು ಬೇರೆಯೆಂದು ತೋರಿಸಿ, ಅರುಣೋದಯವನ್ನು ಸೂಚಿಸುವ ಗ್ರೀಕ್ ಪದವನ್ನು ಮುಂದೆ ಸೇರಿಸಿ, ‘ಈಯೋಫಿಲ್ಯೂರಸ್’ ಎಂಬ ಹೊಸ ಕುಲವನ್ನು ಕಟ್ಟಿದನು. ಭಾರತದ ಸ್ಕ್ಯಾರಬ್‌ಗಳ ಮೇಲೆ ಅವನು ಬರೆದ ಮೂರು ಸಂಪುಟಗಳು 1910, 1917 ಮತ್ತು 1931ರಲ್ಲಿ ಹೊರಬಂದವು. ಅವನೂ 1948ರಲ್ಲಿಯೇ ತೀರಿಕೊಂಡನು.

ಹೊಸ ಕುಲವನ್ನು ಹೇಳುವುದಕ್ಕೆ ನಿಯಮಗಳುಂಟು. ಮೀಸೆಯ ಪದರಗಳೆಷ್ಟು, ಬಾಯ ದವಡೆ ಹೇಗಿದೆ, ಕಾಲುಗುರು ಸೀಳಿದೆಯೇ, ಗಂಡಿನ ಜನನಾಂಗದ ಆಕಾರವೇನು ಎಂಬುದನ್ನೆಲ್ಲ ನೋಡಿ, ಇತರ ಕುಲಗಳಿಂದ ಇದು ಬೇರಾಗುವ ಲಕ್ಷಣವನ್ನು ಬರೆಯಬೇಕು. ಆ ಕುಲಕ್ಕೆ ಮಾದರಿಯಾಗಿ ಒಂದು ಪ್ರಭೇದವನ್ನು ಗೊತ್ತುಮಾಡಬೇಕು. 1930ರ ಈಚೆಗೆ ಇದು ಕಡ್ಡಾಯ. ಹೆಸರು ಹಿಂದೆ ಬೇರೆ ಯಾವ ಪ್ರಾಣಿಗೂ ಇಟ್ಟದ್ದಾಗಿರಬಾರದು. ಈ ಕೊನೆಯ ನಿಯಮದ ಬಿಗಿಯನ್ನು ನೋಡಿ: ಬೂಕೊಮೊಂ ಎಂಬ ಫ್ರೆಂಚ್ ವಿದ್ವಾಂಸ 1914ರಲ್ಲಿ ಏಷ್ಯದ ಸಣ್ಣ ಸೆಗಣಿ ಹುಳುಗಳ ಒಂದು ಕುಲಕ್ಕೆ ‘ಫೇಕೊಸೋಮ’ ಎಂದು ಹೆಸರಿಟ್ಟನು. ಆದರೆ 1912ರಲ್ಲಿಯೇ ಆ ಹೆಸರು ಸಮುದ್ರದ ಒಂದು ಚಿಪ್ಪುಜೀವಿಗೆ ಸಂದಿತ್ತು. ಎರಡೇ ವರ್ಷದ ಹಿರಿತನದಿಂದ ಚಿಪ್ಪುಜೀವಿ ಗೆದ್ದಿತು. 2003ರಲ್ಲಿ ಹುಳು ‘ಓಕಿಕ್ಯಾಂಥಾನ್’ ಎಂದು ಹೊಸ ಹೆಸರು ಪಡೆಯಿತು. ನಮ್ಮ ಸಹ್ಯಾದ್ರಿಯಲ್ಲಿಯೂ ಆ ಕುಲದವು ಇವೆ. 2011ರಲ್ಲಿ ಭಾರತೀಯ ವಿದ್ವಾಂಸರೂ ಕೂಡಿ ಅವುಗಳನ್ನು ಪರಿಷ್ಕರಿಸಿ ಬರೆದರು.

ಇಷ್ಟೆಲ್ಲಕ್ಕೂ ಆಧಾರ ಸೂಜಿಯ ಕೆಳಗೆ ಚುಚ್ಚಿದ ಒಂದು ಚಿಕ್ಕ ಚೀಟಿ. ಊರು, ದಿನಾಂಕ, ಹಿಡಿದವನ ಹೆಸರು ಅದರಲ್ಲಿರಬೇಕು. ಊರ ಹೆಸರಿಲ್ಲದ ಹುಳು ಎಷ್ಟು ಚೆಲುವಾಗಿದ್ದರೂ ಶಾಸ್ತ್ರಕ್ಕೆ ಅನಾಥ. ಹಳೆಯ ಚೀಟಿಗಳಲ್ಲಿ ಅಧಿಕಾರಿಯ ಹೆಸರುಂಟು. ಕಾಡುದಾರಿ ತೋರಿಸಿ, ಸೆಗಣಿ ಕೆದಕಿ ಹುಳು ಹಿಡಿದುಕೊಟ್ಟ ಊರವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆ ಸಾಲ ಇನ್ನೂ ತೀರಿಲ್ಲ.

ಹೆಸರಿನಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರಿಗೆ ಗೊಣ್ಣೆಹುಳುವೇ ಉತ್ತರ. ‘ಗೊಣ್ಣೆಹುಳು’ ಎಂಬ ಒಂದೇ ಮಾತಿನೊಳಗೆ ‘ಹೋಲೊಟ್ರಿಕಿಯ’, ‘ಲ್ಯೂಕೊಫೋಲಿಸ್’ ಮೊದಲಾದ ಬೇರೆ ಬೇರೆ ಕುಲಗಳು ಅಡಗಿವೆ. ಒಂದರ ಮರಿ ಬೇರಿಗೆ ಬಂದ ತಿಂಗಳಲ್ಲೇ ಇನ್ನೊಂದರದೂ ಬರಬೇಕೆಂದಿಲ್ಲ. ಕುಲ ತಪ್ಪಿದರೆ ಮದ್ದಿನ ಕಾಲವೂ ತಪ್ಪೀತು. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿ. ಕೆ. ವೀರೇಶ್ ಅವರು ಕರ್ನಾಟಕದ ಬೇರುಹುಳುಗಳ ಮೇಲೆ 1977ರಲ್ಲಿ ಪ್ರಕಟಿಸಿದ ಗ್ರಂಥ ಈ ದಾರಿಯ ಮುಖ್ಯ ಹೆಜ್ಜೆ. ಲಂಡನ್ನಿನ ಮೇಜು ಹೀಗೆ ನಮ್ಮ ನಾಡಿಗೂ ಬಂದಿತು.

ಮುಂಬಯಿಯೊಡನೆ ಕನ್ನಡಿಗರ ನಂಟನ್ನು ಹೇಳುವಾಗ ಹೋಟೆಲು, ಗಿರಣಿ, ಬ್ಯಾಂಕುಗಳನ್ನು ನೆನೆಯುತ್ತೇವೆ; ಕಾರವಾರದ ಕಾಡು ಮುಂಬಯಿಯ ಸಂಘಕ್ಕೆ ಕೊಟ್ಟ ಕೊಡುಗೆಯನ್ನೂ ಆ ಸಾಲಿಗೆ ಸೇರಿಸಬೇಕು. ಐರೋಲಿಯ ನಮ್ಮ ಮಕ್ಕಳು ಠಾಣೆ ಖಾರಿಯ ರಾಜಹಂಸಗಳನ್ನು ನೋಡಿ ಹೆಸರು ಕಲಿಯುತ್ತಿದ್ದಾರೆ. ಬೇಸಗೆ ರಜೆಗೆ ಊರಿಗೆ ಹೋದಾಗ, ಮೊದಲ ಮಳೆಯ ಸಂಜೆ ಜಗಲಿಯ ದೀಪಕ್ಕೆ ಬಂದು ಬೀಳುವ ದುಂಬಿಗಳನ್ನೂ ಅವರು ನೋಡಲಿ. ಅಜ್ಜ ಅದನ್ನು ಏನೆಂದು ಕರೆಯುತ್ತಾರೆಂದು ಕೇಳಿ, ಆ ಹೆಸರನ್ನೂ ಊರನ್ನೂ ದಿನಾಂಕವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಶಾಸ್ತ್ರ ಆರಂಭವಾಗುವುದು ಅಂಥ ಚೀಟಿಯಿಂದಲೇ.