ಬರಾಸಿ, ರಾನ್ (1936–2023)

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಆಟಗಾರ, ತರಬೇತುದಾರ. ಪೂರ್ಣ ಹೆಸರು ರೊನಾಲ್ಡ್ ಡೇಲ್ ಬರಾಸಿ. ವಿಕ್ಟೋರಿಯ ರಾಜ್ಯದ ಕಾಸಲ್‌ಮೇನ್‌ನಲ್ಲಿ 1936ರ ಫೆಬ್ರವರಿ 27ರಂದು ಜನನ. 2023ರ ಸೆಪ್ಟೆಂಬರ್ 16ರಂದು ನಿಧನ. ಆಟಗಾರನಾಗಿ 254 ಪಂದ್ಯ, 330 ಗೋಲು, ಆರು ಬಾರಿ ಲೀಗ್ ಪಟ್ಟ. ತರಬೇತುದಾರನಾಗಿ ನಾಲ್ಕು ಕ್ಲಬ್, 515 ಪಂದ್ಯ, ಮತ್ತೆ ನಾಲ್ಕು ಪಟ್ಟ. ಆಟಗಾರನಾಗಿಯೂ ತರಬೇತುದಾರನಾಗಿಯೂ ಸೇರಿ ಈತ ಕಂಡ, ಪಟ್ಟ ನಿರ್ಣಯಿಸುವ ಗ್ರ್ಯಾಂಡ್ ಫೈನಲ್‌ಗಳು 17. ಇಷ್ಟು ಸಾಧಿಸಿದವನನ್ನು ಶ್ರೇಷ್ಠನೆನ್ನಲು ಅಂಕಿಗಳೇ ಸಾಕು. ಆದರೆ ಬರಾಸಿಯ ನಿಜವಾದ ಮಹತ್ವ ಅಂಕಿಗಳಲ್ಲಿಲ್ಲ. ಈ ಆಟ ಮನೆತನದ, ಬಡಾವಣೆಯ ಬಳುವಳಿಯಾಗಿದ್ದ ಕಾಲಕ್ಕೂ ಅದು ಪೂರ್ಣ ಪ್ರಮಾಣದ ವೃತ್ತಿಯಾದ ಕಾಲಕ್ಕೂ ನಡುವೆ ಒಂದು ಹೊಸ್ತಿಲಿದ್ದರೆ, ಅದನ್ನು ಎಲ್ಲರೂ ನೋಡುವಂತೆ ದಾಟಿದವನು ಈತ. ಬಳುವಳಿಯ ಹಕ್ಕಿನಿಂದಲೇ ಮೈದಾನಕ್ಕಿಳಿದವನು ಆ ಬಳುವಳಿಯನ್ನು ಬಿಟ್ಟು ನಡೆದದ್ದರಿಂದಲೇ ಆ ದಾಟುವಿಕೆಗೆ ಅಷ್ಟು ತೂಕ ಬಂತು.

ಕ್ರಿಕೆಟ್ ಪ್ರಿಯರಿಗೆ ಚಿರಪರಿಚಿತವಾದ ಮೆಲ್ಬರ್ನ್ ಕ್ರಿಕೆಟ್ ಮೈದಾನವೇ ಚಳಿಗಾಲದಲ್ಲಿ ಈ ಆಟದ ಮುಖ್ಯ ರಂಗಸ್ಥಳ. ತಂಡಕ್ಕೆ 18 ಮಂದಿ, ಮೊಟ್ಟೆಯಾಕಾರದ ಚೆಂಡು, ಎರಡು ತುದಿಯಲ್ಲೂ ನಾಲ್ಕು ನಾಲ್ಕು ಕಂಬ. ನಡುವಣ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, ಒಂದು ಅಂಕ. ಚೆಂಡನ್ನು ಎಸೆಯುವಂತಿಲ್ಲ, ಒದೆಯಬೇಕು, ಇಲ್ಲವೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಬೇಕು. ಹೀಗೆ ಗುದ್ದಿ ದಾಟಿಸುವುದೇ ಹ್ಯಾಂಡ್‌ಬಾಲ್. ಇಂದಿನ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ಗೆ 1990ರ ತನಕ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಎಂದು ಹೆಸರಿತ್ತು. ಬರಾಸಿ ಆಡುತ್ತಿದ್ದ ಕಾಲಕ್ಕೆ ಅದರಲ್ಲಿ 12 ತಂಡಗಳು. ಜೀಲಾಂಗ್ ಒಂದನ್ನು ಬಿಟ್ಟರೆ ಎಲ್ಲವೂ ಮೆಲ್ಬರ್ನ್ ನಗರದವು. ಹುಡುಗನ ಮನೆ ಯಾವ ಬಡಾವಣೆಯಲ್ಲಿದೆಯೋ ಆ ಬಡಾವಣೆಯ ಕ್ಲಬ್ಬಿಗೇ ಅವನ ಮೇಲೆ ಹಕ್ಕು. ಕ್ಲಬ್ ಬದಲಿಸಬೇಕಾದರೆ ಹಳೆಯ ಕ್ಲಬ್ ಒಪ್ಪಿ 'ಕ್ಲಿಯರೆನ್ಸ್' ಕೊಡಬೇಕು. ಆಟಗಾರರು ವಾರವೆಲ್ಲ ಬೇರೆ ಕೆಲಸ ಮಾಡಿ ಶನಿವಾರ ಮೈದಾನಕ್ಕಿಳಿಯುತ್ತಿದ್ದರು. ಒಂದೇ ಅಂಗಿ ತೊಟ್ಟು ಬಾಳು ಕಳೆದವನಿಗೆ ಊರೆಲ್ಲ ಗೌರವ.

ಬರಾಸಿಯ ಬಾಲ್ಯ ಈ ವ್ಯವಸ್ಥೆಯೊಳಗೇ ಬೆಳೆದ ಕಥೆ. ತಂದೆಯ ಹೆಸರೂ ರಾನ್ ಬರಾಸಿಯೇ. ಮೆಲ್ಬರ್ನ್ ಕ್ಲಬ್ಬಿನ ಪರ ಆಡಿ, 1940ರಲ್ಲಿ ಪಟ್ಟ ಗೆದ್ದ ತಂಡದಲ್ಲಿದ್ದ ಆತ, ಮರುವರ್ಷ ಜುಲೈನಲ್ಲಿ ಉತ್ತರ ಆಫ್ರಿಕದ ಟೊಬ್ರುಕ್‌ನಲ್ಲಿ ಯುದ್ಧಕ್ಕೆ ಬಲಿಯಾದ. ಆಗ ಮಗನಿಗೆ ಐದು ವರ್ಷ. ಹುಡುಗ ಬೆಳೆದು ಆಟದಲ್ಲಿ ಹೆಸರು ಮಾಡತೊಡಗಿದಾಗ, ಬಡಾವಣೆಯ ನಿಯಮದ ಪ್ರಕಾರ ಅವನು ಬೇರೆ ಕ್ಲಬ್ಬಿನ ಪಾಲಾಗಬೇಕಿತ್ತು. ಅಪ್ಪ ಆಡಿದ ಕ್ಲಬ್ಬಿಗೇ ಮಗ ಸೇರಲು ಅವಕಾಶ ಬೇಕೆಂದು ಮೆಲ್ಬರ್ನ್ ಪಟ್ಟು ಹಿಡಿಯಿತು. ಹೀಗೆ 1950ರ ದಶಕದ ಆರಂಭದಲ್ಲಿ ಬಂದದ್ದು ತಂದೆ-ಮಗ ನಿಯಮ. ಅದು ಇಂದಿಗೂ ಬೇರೆ ಬೇರೆ ರೂಪದಲ್ಲಿ ಉಳಿದಿದೆ. ತಂದೆಯೊಂದಿಗೆ 1940ರ ತಂಡದಲ್ಲಿ ಆಡಿದ್ದ ನಾರ್ಮ್ ಸ್ಮಿತ್ 1952ರಲ್ಲಿ ಮೆಲ್ಬರ್ನ್ ತರಬೇತುದಾರನಾದ. ಹದಿಹರೆಯದ ಬರಾಸಿಗೆ ಆತ ತನ್ನ ಮನೆಯ ಹಿತ್ತಲ ಕೋಣೆಯಲ್ಲೇ ಆಶ್ರಯ ಕೊಟ್ಟ. 1953ರಲ್ಲಿ ಹುಡುಗ ಮೊದಲ ಪಂದ್ಯವಾಡಿದ. ಮೆಲ್ಬರ್ನ್ ಪರ ಅವನ ಹೆಸರಿನೊಂದಿಗೆ ಬೆರೆತದ್ದು ಅಪ್ಪನ 31ನೇ ಸಂಖ್ಯೆ. ನಿಯಮ, ಗುರು, ಅಂಗಿ ಎಲ್ಲವೂ ತಂದೆಯ ಕಡೆಯಿಂದಲೇ ಬಂದಿದ್ದವು.

ಆದರೂ ಬಳುವಳಿ ಬಾಗಿಲು ತೆರೆಯಬಲ್ಲದೇ ಹೊರತು ಆಡಿಕೊಡಲಾರದು. ಬರಾಸಿಯ ಮೈಕಟ್ಟು ಆ ಕಾಲದ ಎರಡು ಮುಖ್ಯ ಸ್ಥಾನಗಳಿಗೂ ಹೊಂದುತ್ತಿರಲಿಲ್ಲ. ಅಂಪೈರ್ ನೆಲಕ್ಕೆ ಬಡಿದು ಮೇಲೆ ಚಿಮ್ಮಿಸಿದ ಚೆಂಡಿಗಾಗಿ ಹಾರುವ ರಕ್‌ಮನ್ ಎಂದರೆ ನೀಳಕಾಯದವನು. ಅವನ ಕಾಲಬುಡದಲ್ಲಿ ಚೆಂಡು ಹೆಕ್ಕುವ ರೋವರ್ ಎಂದರೆ ಗಿಡ್ಡನೆಯ ಚುರುಕಿನವನು. ಬರಾಸಿ ಅಷ್ಟು ಎತ್ತರವೂ ಇಲ್ಲ, ಅಷ್ಟು ಗಿಡ್ಡವೂ ಅಲ್ಲ. ಸ್ಮಿತ್ ಆತನನ್ನು ಎರಡರ ನಡುವೆ ನಿಲ್ಲಿಸಿದ. ಮೇಲಿನ ಸೆಣಸಾಟದಲ್ಲಿ ಮೈಯೊಡ್ಡಿ, ನೆಲಕ್ಕೆ ಬಿದ್ದ ಚೆಂಡನ್ನು ತಾನೇ ಕಿತ್ತುಕೊಂಡು, ಎದುರಾಳಿಗಳ ನಡುವೆ ನುಗ್ಗಿ ಓಡುವ ಕೆಲಸ ಅದು. ರಕ್-ರೋವರ್ ಎಂಬ ಸ್ಥಾನಕ್ಕೆ ಇಂದಿನ ಅರ್ಥ ಬಂದದ್ದು ಹೀಗೆ. ಮೆಲ್ಬರ್ನ್ 1954ರಿಂದ 1960ರ ತನಕ ಸತತ ಏಳು ಗ್ರ್ಯಾಂಡ್ ಫೈನಲ್ ಆಡಿತು. 1955, 1956, 1957, 1959, 1960ರಲ್ಲಿ ಗೆದ್ದಿತು. 1964ರಲ್ಲಿ ಕಾಲಿಂಗ್‌ವುಡ್ ತಂಡವನ್ನು ನಾಲ್ಕೇ ಅಂಕಗಳಿಂದ ಸೋಲಿಸಿ ಈ ಅವಧಿಯ ಆರನೆಯ ಪಟ್ಟ ಪಡೆಯಿತು. ಆ ಹೊತ್ತಿಗೆ ಬರಾಸಿ ನಾಯಕ. ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕ ಆತನಿಗೆ ಎಂದೂ ಸಿಗಲಿಲ್ಲ. ಆದರೂ 1996ರಲ್ಲಿ ಶತಮಾನದ ತಂಡವನ್ನು ಆರಿಸಿದಾಗ ರಕ್-ರೋವರ್ ಸ್ಥಾನ ಆತನಿಗೇ ಸಂದಿತು.

1964ರ ಗೆಲುವಿನ ಬೆನ್ನಲ್ಲೇ, 28ನೇ ವಯಸ್ಸಿನಲ್ಲಿ, ಬರಾಸಿ ಮೆಲ್ಬರ್ನ್ ತೊರೆದು ಕಾರ್ಲ್ಟನ್ ಕ್ಲಬ್ಬಿನ ನಾಯಕ-ತರಬೇತುದಾರನಾದ. ನಗರ ಬೆಚ್ಚಿಬಿತ್ತು. ಆತ ಉಂಡ ಮನೆಯ ಜಂತೆ ಎಣಿಸಿದ ಎಂದು ನೊಂದ ಅಭಿಮಾನಿಗಳು ಬಹಳ. ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಈತನಿಗಾಗಿ ಕ್ಲಬ್ ನಿಯಮವನ್ನೇ ತರಿಸಿತ್ತು. ಮೇಲಾಗಿ ಮೆಲ್ಬರ್ನ್ ಮುಂದಿನ ಪಟ್ಟಕ್ಕೆ 2021ರ ತನಕ, 57 ವರ್ಷ ಕಾಯಬೇಕಾಯಿತು. ಆದರೆ ಆ ಅವನತಿಗೆ ಬರಾಸಿಯೊಬ್ಬನನ್ನು ಹೊಣೆ ಮಾಡಿದರೆ ಸಾಕ್ಷ್ಯ ಒಪ್ಪುವುದಿಲ್ಲ. ಆತನಿಲ್ಲದೆಯೇ 1965ರಲ್ಲಿ ಮೆಲ್ಬರ್ನ್ ಮೊದಲ ಎಂಟೂ ಪಂದ್ಯಗಳನ್ನು ಗೆದ್ದಿತ್ತು. ಜುಲೈನಲ್ಲಿ ಆಡಳಿತವೇ ನಾರ್ಮ್ ಸ್ಮಿತ್‌ನನ್ನು ವಜಾ ಮಾಡಿ, ಕೆಲವೇ ದಿನಗಳಲ್ಲಿ ಮತ್ತೆ ಕರೆಸಿಕೊಂಡಿತು. ಆ ವರ್ಷ ತಂಡ ಫೈನಲ್ಸ್ ಹಂತವನ್ನೂ ಮುಟ್ಟಲಿಲ್ಲ. ಆರು ಪಟ್ಟ ತಂದುಕೊಟ್ಟ ಗುರುವನ್ನು ಕ್ಲಬ್ ಹಾಗೆ ನಡೆಸಿಕೊಳ್ಳಬಹುದಾದರೆ, ನಿಷ್ಠೆಯ ಒಪ್ಪಂದ ಆಟಗಾರನ ಕಡೆಯಿಂದ ಮಾತ್ರ ಇತ್ತೆಂದಾಯಿತು. ಬರಾಸಿಗೆ ಬೇಕಿದ್ದದ್ದು ತಂಡವನ್ನು ಕಟ್ಟುವ ಕೆಲಸ; ಸ್ಮಿತ್ ಇದ್ದ ಮನೆಯಲ್ಲಿ ಆ ಜಾಗ ಖಾಲಿ ಇರಲಿಲ್ಲ. ಹನ್ನೆರಡು ವರ್ಷ ಕಲಿತ ಕಸುಬನ್ನು ತನ್ನ ಹೊಣೆಯಲ್ಲಿ ನಡೆಸಲು ಹೊರಟವನನ್ನು ದ್ರೋಹಿ ಎನ್ನುವುದು ನ್ಯಾಯವಲ್ಲ.

ಹಣ ಪಡೆದು ಆಡುವುದು ಬರಾಸಿಯಿಂದಲೇ ಶುರುವಾಯಿತೇ ಎಂಬುದು ಇನ್ನೊಂದು ಪ್ರಶ್ನೆ. ಖಂಡಿತ ಅಲ್ಲ. ಲೀಗ್ 1911ರಲ್ಲೇ ಆಟಗಾರರಿಗೆ ಹಣ ಕೊಡುವುದನ್ನು ಒಪ್ಪಿತ್ತು. 1930ರಲ್ಲಿ ಬಂದ ಕೌಲ್ಟರ್ ಕಟ್ಟಳೆ ಪಂದ್ಯಕ್ಕೆ ಮೂರು ಪೌಂಡ್ ಎಂಬ ಮಿತಿ ಹೇರಿತು. ಆ ಮಿತಿ ಸಾಲದೆ ಕಾಲಿಂಗ್‌ವುಡ್‌ನ ಗೋಲುಗಾರ ರಾನ್ ಟಾಡ್ 1940ರಲ್ಲಿ ಎದುರಾಳಿ ಸಂಘಟನೆಯ ವಿಲಿಯಮ್ಸ್‌ಟೌನ್‌ಗೆ ಹೋದ. ಆದರೆ ಟಾಡ್ ಲೀಗ್ ಬಿಟ್ಟು ಹೊರಗೆ ಹೋದವನು. ಹೊರಗೆ ಹೋದವನನ್ನು ವ್ಯವಸ್ಥೆ ಮರೆಯಬಲ್ಲದು. ಬರಾಸಿ ಲೀಗ್‌ನ ಒಳಗೇ, ಪಟ್ಟ ಗೆದ್ದ ನಾಯಕನಾಗಿ, ನೆರೆಯ ಎದುರಾಳಿಯ ಬಾಗಿಲಿಗೆ ಹಾಡುಹಗಲಲ್ಲೇ ನಡೆದ. ಅತ್ಯುತ್ತಮ ಆಟಗಾರನ ಜ್ಞಾನಕ್ಕೂ ಒಂದು ಬೆಲೆಯಿದೆ, ಅದನ್ನು ಬೇರೆಡೆ ಕೊಂಡೊಯ್ಯುವ ಹಕ್ಕು ಅವನಿಗಿದೆ ಎಂಬ ಮಾತು ಅಲ್ಲಿಂದಾಚೆಗೆ ಗುಟ್ಟಾಗಿ ಉಳಿಯಲಿಲ್ಲ. ಹತ್ತು ವರ್ಷ ಆಡಿದವನಿಗೆ ಕ್ಲಬ್ ಬದಲಿಸುವ ಸ್ವಾತಂತ್ರ್ಯ ಕೊಟ್ಟ ಅಲ್ಪಾಯುಷಿ ನಿಯಮ 1972ರಲ್ಲಿ ಬಂತು. 1973ರಲ್ಲಿ ಆಟಗಾರರ ಸಂಘ ಹುಟ್ಟಿತು. 1983ರಲ್ಲಿ ಸಿಲ್ವಿಯೊ ಫೊಸ್ಕಿನಿ ಹೂಡಿದ ಮೊಕದ್ದಮೆಯಲ್ಲಿ ಲೀಗ್‌ನ ಕ್ಲಿಯರೆನ್ಸ್ ಕಟ್ಟುಪಾಡು ನ್ಯಾಯಾಲಯದಲ್ಲಿ ಸೋತಿತು. ಇವೆಲ್ಲಕ್ಕೂ ಬರಾಸಿಯೇ ನೇರ ಕಾರಣನಲ್ಲ, ಆದರೆ ಜನರ ಮನಸ್ಸನ್ನು ಇವಕ್ಕೆ ಹದಗೊಳಿಸಿದ್ದು ಆತನ ಹೆಜ್ಜೆ.

ಬರಾಸಿ ಬರುವ ಹಿಂದಿನ ಸಾಲಿನಲ್ಲಿ ಹತ್ತನೇ ಸ್ಥಾನಕ್ಕೆ ಕುಸಿದಿದ್ದ ಕಾರ್ಲ್ಟನ್ 1968ರಲ್ಲಿ ಎಸೆಂಡನ್ ತಂಡವನ್ನು ಮೂರು ಅಂಕಗಳಿಂದ ಸೋಲಿಸಿ, 1947ರ ನಂತರದ ತನ್ನ ಮೊದಲ ಪಟ್ಟ ಗೆದ್ದಿತು. ಬರಾಸಿಯ ಹೆಸರು ದಂತಕಥೆಯಾದದ್ದು 1970ರಲ್ಲಿ. ಆ ಗ್ರ್ಯಾಂಡ್ ಫೈನಲ್‌ಗೆ ಸೇರಿದ ಜನ 1,21,696; ಈ ಆಟದಲ್ಲಿ ಅಷ್ಟು ಮಂದಿ ಮತ್ತೆಂದೂ ನೆರೆದಿಲ್ಲ. ಅರ್ಧ ಆಟ ಮುಗಿದಾಗ ಕಾಲಿಂಗ್‌ವುಡ್ 73, ಕಾರ್ಲ್ಟನ್ 29; ಅಂತರ 44. ವಿರಾಮದಲ್ಲಿ ಬರಾಸಿ ಬೆಂಚಿನ ಮೇಲಿದ್ದ ಟೆಡ್ ಹಾಪ್ಕಿನ್ಸ್‌ನನ್ನು ಕಣಕ್ಕಿಳಿಸಿದ; ಚೆಂಡನ್ನು ಹ್ಯಾಂಡ್‌ಬಾಲ್‌ನಿಂದ ದಾಟಿಸುತ್ತಾ ಓಡಿರಿ ಎಂದು ತಂಡಕ್ಕೆ ಹೇಳಿದ. ಹಾಪ್ಕಿನ್ಸ್ ನಾಲ್ಕು ಗೋಲು ಹೊಡೆದ. ಕಾರ್ಲ್ಟನ್ 111–101ರಿಂದ ಗೆದ್ದಿತು. ಆಧುನಿಕ ಆಟ ಹುಟ್ಟಿದ್ದೇ ಆ ಮಧ್ಯಾಹ್ನ ಎಂದು ಹೇಳುವುದು ವಾಡಿಕೆ. ಇದು ಅತಿಶಯೋಕ್ತಿ. ನಾರ್ಮ್ ಸ್ಮಿತ್‌ನ ಅಣ್ಣ ಲೆನ್ ಸ್ಮಿತ್ ಫಿಟ್ಜ್‌ರಾಯ್ ಕ್ಲಬ್ಬಿನಲ್ಲಿ ಈ ಓಡುವ ಆಟವನ್ನು ಮೊದಲೇ ಪ್ರತಿಪಾದಿಸಿದ್ದ. ಜೀಲಾಂಗ್‌ನ ಪಾಲಿ ಫಾರ್ಮರ್ 1960ರ ದಶಕದಲ್ಲೇ ಹ್ಯಾಂಡ್‌ಬಾಲನ್ನು ದಾಳಿಯ ಅಸ್ತ್ರವಾಗಿ ತಿದ್ದಿ ತೀಡಿದ್ದ. ಬರಾಸಿ ಹ್ಯಾಂಡ್‌ಬಾಲನ್ನು ಕಂಡುಹಿಡಿಯಲಿಲ್ಲ. ಸೋಲು ಖಚಿತವೆನ್ನಿಸಿದ ಗಳಿಗೆಯಲ್ಲಿ ವಿಚಾರವೊಂದನ್ನು ಇಡೀ ತಂಡದ ಕೈಗೆ ಕೊಟ್ಟು, ಅದರ ಫಲಿತಕ್ಕೆ ತಾನು ತಲೆಕೊಟ್ಟು ನಿಂತ. ತರಬೇತುದಾರನ ವೃತ್ತಿ ಎಂದರೆ ಇದೇ.

1973ರಲ್ಲಿ ಆತ ಸೇರಿದ ನಾರ್ತ್ ಮೆಲ್ಬರ್ನ್, ಲೀಗ್‌ಗೆ ಬಂದು ಅರ್ಧ ಶತಮಾನ ಸಮೀಪಿಸಿದರೂ ಪಟ್ಟ ಕಾಣದ ಬಡ ಕ್ಲಬ್. ಹಿಂದಿನ ವರ್ಷ ಗೆದ್ದದ್ದು ಒಂದೇ ಪಂದ್ಯ. ಹತ್ತು ವರ್ಷದ ನಿಯಮವನ್ನು ಬಳಸಿ ಕ್ಲಬ್ ಡಗ್ ವೇಡ್, ಬ್ಯಾರಿ ಡೇವಿಸ್, ಜಾನ್ ರಾಂಟಾಲ್ ಅವರನ್ನು ತಂದಿತು. ಕೊಂಡು ತಂದ ಆಟಗಾರರಿಂದ ಗೆಲ್ಲುವುದೇನು ಮಹಾ ಎಂದು ಕೇಳಬಹುದು. ಆದರೆ ಹೊರಗಿನಿಂದ ಬಂದವರನ್ನು ಒಂದು ಮನೆಯವರಾಗಿಸುವುದು ಸುಲಭದ ಮಾತಲ್ಲ. ನಾರ್ತ್ 1974ರಿಂದ 1978ರ ತನಕ ಪ್ರತಿವರ್ಷ ಗ್ರ್ಯಾಂಡ್ ಫೈನಲ್ ಆಡಿತು. 1975ರಲ್ಲಿ ಹಾಥಾರ್ನ್ ವಿರುದ್ಧ 55 ಅಂಕಗಳಿಂದ ಗೆದ್ದು ಮೊದಲ ಪಟ್ಟ ಧರಿಸಿತು. 1977ರಲ್ಲಿ ಕಾಲಿಂಗ್‌ವುಡ್ ಜೊತೆಗಿನ ಪಂದ್ಯ 76–76ರಲ್ಲಿ ಸಮವಾಗಿ, ವಾರದ ನಂತರದ ಮರುಪಂದ್ಯವನ್ನು 27 ಅಂಕಗಳಿಂದ ಗೆದ್ದಿತು.

1981ರಲ್ಲಿ ಬರಾಸಿ ಮೆಲ್ಬರ್ನ್‌ಗೆ ಮರಳಿದ. ತವರಿಗೆ ಬಂದ ಆತನಿಗೆ ಐದು ವರ್ಷಗಳಲ್ಲಿ ಒಂದು ಪಟ್ಟವೂ ಒಲಿಯಲಿಲ್ಲ. ಮೊದಲ ಸಾಲಿನಲ್ಲಿ 22 ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಈ ಅವಧಿಯನ್ನು ಮುಂದಿಟ್ಟು, ಒಳ್ಳೆಯ ಆಟಗಾರರಿದ್ದಾಗ ಮಾತ್ರ ಈತ ಒಳ್ಳೆಯ ತರಬೇತುದಾರ ಎನ್ನುವವರಿದ್ದಾರೆ. ಸೋಲು ಸೋಲೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ಆಡುವ ಹುಡುಗರನ್ನು ಕರೆತಂದು ಈ ಆಟ ಕಲಿಸುವ ಪ್ರಯೋಗ ನಡೆದದ್ದು ಆಗಲೇ. ಡಬ್ಲಿನ್‌ನಿಂದ 1984ರಲ್ಲಿ ಬಂದ ಜಿಮ್ ಸ್ಟೈನ್ಸ್ 1991ರಲ್ಲಿ ಬ್ರೌನ್‌ಲೋ ಪದಕ ಗೆದ್ದ. ಸತತ 244 ಪಂದ್ಯಗಳ ದಾಖಲೆ ಬರೆದ. 1993ರಲ್ಲಿ ಸೋಲಿನ ಮೇಲೆ ಸೋಲುಂಡು ಕಂಗೆಟ್ಟಿದ್ದ ಸಿಡ್ನಿ ಸ್ವಾನ್ಸ್‌ನ ಹೊಣೆ ಹೊತ್ತಾಗಲೂ ಹಾಗೆಯೇ. 1995ರಲ್ಲಿ ಆತ ನಿರ್ಗಮಿಸಿದ ಮರುವರ್ಷವೇ ಸ್ವಾನ್ಸ್ ಗ್ರ್ಯಾಂಡ್ ಫೈನಲ್ ತಲುಪಿತು. ಈ ಎರಡು ಕ್ಲಬ್ಬುಗಳಲ್ಲೂ ಆತ ಬಿತ್ತಿದ್ದರ ಫಸಲನ್ನು ಬೇರೆಯವರು ಕೊಯ್ದರು.

ಆಸ್ಟ್ರೇಲಿಯದಲ್ಲಿ ರಗ್ಬಿ ಪ್ರಿಯರ ಪ್ರದೇಶವನ್ನೂ ಈ ಆಟದ ಪ್ರದೇಶವನ್ನೂ ಬೇರ್ಪಡಿಸುವ ಕಾಲ್ಪನಿಕ ರೇಖೆಗೆ ಇತಿಹಾಸಕಾರ ಇಯಾನ್ ಟರ್ನರ್ 1978ರಲ್ಲಿ 'ಬರಾಸಿ ಗೆರೆ' ಎಂದು ಹೆಸರಿಟ್ಟ. ಸಿಡ್ನಿ ಆ ಗೆರೆಯ ಆಚೆ ಬದಿಯ ನಗರ. ತನ್ನ ಹೆಸರಿನ ಗೆರೆಯನ್ನು ದಾಟಿ ಬರಾಸಿ ಅಲ್ಲಿ ಆಟವನ್ನು ಉಳಿಸಲು ದುಡಿದ. 1996ರಲ್ಲಿ ಈ ಆಟದ ಹಾಲ್ ಆಫ್ ಫೇಮ್ ಸ್ಥಾಪನೆಯಾದಾಗ 'ಲೆಜೆಂಡ್' ಎಂದು ಗೌರವಿಸಲ್ಪಟ್ಟ ಮೊದಲ ತಂಡದಲ್ಲಿ ಈತನೂ ಇದ್ದ. ಮೆಲ್ಬರ್ನ್ ಕ್ರಿಕೆಟ್ ಮೈದಾನದ ಹೊರಗೆ ಈತನ ಪ್ರತಿಮೆಯಿದೆ. ವೃತ್ತಿ ಎಂದರೆ ಬರೀ ಸಂಬಳ ಎಂದುಕೊಂಡವರಿಗೆ ಬರಾಸಿಯ ಬದುಕು ಬೇರೆಯದನ್ನೇ ತೋರಿಸುತ್ತದೆ: ವೃತ್ತಿ ಎಂದರೆ ಕೆಲಸದ ಪೂರ್ತಿ ಹೊಣೆ ಹೊರುವುದು, ಸೋಲಿನ ಹೊಣೆಯನ್ನೂ ಸೇರಿಸಿ. 31ನೇ ಸಂಖ್ಯೆ ಆತನಿಗೆ ಅಪ್ಪನಿಂದ ಬಂತು. ಮಿಕ್ಕದ್ದನ್ನೆಲ್ಲ ದುಡಿದು ಸಂಪಾದಿಸಿದ.