ಬಿಳಿ ಹೂವು ಹೇಳಿದ ಸತ್ಯ



ಒಂದು ಮಾತನ್ನು ಎರಡು ಸಲ ಹೇಳಿದರೆ ಅದಕ್ಕೆ ಬಲ ಹೆಚ್ಚು ಎಂದು ನಾವೆಲ್ಲ ನಂಬುತ್ತೇವೆ. ಸಸ್ಯಲೋಕದಲ್ಲಿ ಈ ನಂಬಿಕೆ ಹುಸಿಯಾದ ಪ್ರಸಂಗವೊಂದಿದೆ.

ಅಮೆರಿಕದ ಕ್ಯಾರೊಲಿನ್ ನಪೋಲಿ, ರಿಚರ್ಡ್ ಜಾರ್ಗೆನ್ಸನ್ ಮತ್ತು ಸಂಗಡಿಗರು ಪೆಟೂನಿಯಾ ಗಿಡಕ್ಕೆ ಹೂವಿನ ಬಣ್ಣಕ್ಕೆ ಕಾರಣವಾದ ವಂಶವಾಹಿಯ ಮತ್ತೊಂದು ಪ್ರತಿಯನ್ನು ಸೇರಿಸಿದರು. ಬಣ್ಣ ಇನ್ನೂ ಗಾಢವಾಗಬೇಕಿತ್ತಲ್ಲವೇ? ಆದರೆ ಅಂಥ ಗಿಡಗಳಲ್ಲಿ ಶೇಕಡಾ 42ರಷ್ಟು ಅಚ್ಚ ಬಿಳಿಯ ಅಥವಾ ಬಿಳಿ ಪಟ್ಟೆಗಳ ಹೂ ಬಿಟ್ಟವು! ಹೊಸ ಪ್ರತಿಯ ಜೊತೆಗೆ ಗಿಡದ ಸ್ವಂತ ವಂಶವಾಹಿಯೂ ಮೌನ ತಾಳಿತ್ತು. 1990ರಲ್ಲಿ ಈ ವರದಿ ಪ್ರಕಟವಾಯಿತು. ಕಾರಣ ಮಾತ್ರ ಒಗಟಾಗಿಯೇ ಉಳಿಯಿತು.

ಉತ್ತರದ ಎಳೆ ಸಿಕ್ಕಿದ್ದು 1999ರಲ್ಲಿ, ಇಂಗ್ಲೆಂಡಿನ ನಾರ್ವಿಚ್‌ನಲ್ಲಿ. ವಂಶವಾಹಿಯ ಸಂದೇಶವನ್ನು ಹೊತ್ತೊಯ್ಯುವುದು ಆರ್‌ಎನ್‌ಎ. ಸಾಮಾನ್ಯವಾಗಿ ಅದರ ಉದ್ದನೆಯ ಎಳೆಗಳನ್ನೇ ಹುಡುಕುತ್ತಿದ್ದುದರಿಂದ ಚಿಕ್ಕ ತುಣುಕುಗಳು ಕಣ್ತಪ್ಪುತ್ತಿದ್ದವು. ಆಂಡ್ರ್ಯೂ ಹ್ಯಾಮಿಲ್ಟನ್ ಮತ್ತು ಡೇವಿಡ್ ಬೌಲ್‌ಕೂಂಬ್ ಬೇಕೆಂದೇ ಚಿಕ್ಕ ತುಣುಕುಗಳನ್ನು ಅರಸಿದರು. ವಂಶವಾಹಿ ಮೌನವಾಗಿದ್ದ ಗಿಡಗಳಲ್ಲಿ ಸುಮಾರು 25 ಅಕ್ಷರಗಳಷ್ಟೇ ಉದ್ದದ ಆರ್‌ಎನ್‌ಎ ಸಿಕ್ಕಿತು; ಉಳಿದವುಗಳಲ್ಲಿ ಇಲ್ಲ. ಈ ತುಣುಕು ತನಗೆ ಹೊಂದುವ ಸಂದೇಶವನ್ನು ಗುರುತಿಸುತ್ತದೆ. ಆ ಸಂದೇಶ ಅಲ್ಲೇ ತುಂಡಾಗುತ್ತದೆ.

ಗಿಡಕ್ಕೆ ಈ ಕಾವಲು ಏಕೆ ಬೇಕು? ಒಂದು ಕಾರಣ, ಒಳಹೊಕ್ಕು ತನ್ನ ಪ್ರತಿಗಳನ್ನು ಬೆಳೆಸುವ ವೈರಸ್. ಇನ್ನೊಂದು ಶತ್ರು ಮನೆಯೊಳಗೇ ಇದೆ. ಮುಸುಕಿನ ಜೋಳದ ಕಾಳುಗಳ ಚುಕ್ಕೆಗಳನ್ನು ನೋಡುತ್ತಾ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲೇ ಜಾಗ ಬದಲಿಸುವ ವಂಶವಾಹಿಗಳನ್ನು ಕಂಡಿದ್ದರು. ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ. ಇಂಥವುಗಳಲ್ಲಿ ಹಲವು ಆರ್‌ಎನ್‌ಎ ಮೂಲಕವೇ ತಮ್ಮ ನಕಲು ಮಾಡಿಕೊಳ್ಳುತ್ತವೆ. 2009ರಲ್ಲಿ ಜೋಳದ ಡಿಎನ್‌ಎಯನ್ನು ಓದಿದಾಗ ಶೇಕಡಾ 85ರಷ್ಟು ಭಾಗ ಈ ಬಗೆಯ ಪುನರಾವರ್ತನೆಯೇ ಆಗಿತ್ತು. ಅವನ್ನು ಹದ್ದುಬಸ್ತಿನಲ್ಲಿಡುವುದರಲ್ಲಿ ಪುಟ್ಟ ಆರ್‌ಎನ್‌ಎಗಳದೇ ದೊಡ್ಡ ಪಾತ್ರ.

ಇಂದು ಯಂತ್ರಗಳು ಇಂಥ ಲಕ್ಷಾಂತರ ತುಣುಕುಗಳನ್ನು ಒಮ್ಮೆಗೇ ಓದುತ್ತವೆ. ಆದರೂ ತೊಡಕು ತಪ್ಪಿಲ್ಲ. ಒಂದೇ ತುಣುಕು ಡಿಎನ್‌ಎಯ ನೂರಾರು ಜಾಗಗಳಿಗೆ ಹೊಂದಿದರೆ, ಅದು ಹುಟ್ಟಿದ್ದು ಎಲ್ಲಿ? ಒಂದೇ ಹೆಸರಿನವರು ತುಂಬಿದ ಊರಿನಲ್ಲಿ ಅಂಚೆಯಣ್ಣ ಪಡುವ ಪಾಡು ಅದು.

ಮುಂದೊಮ್ಮೆ ಪೆಟೂನಿಯಾದ ಬಿಳಿ ಪಟ್ಟೆ ಕಂಡರೆ ಒಂದು ಕ್ಷಣ ನಿಂತು ನೋಡಿ. ಪ್ರಯೋಗ ಕೆಟ್ಟಿತೆಂದು ಆ ಬಿಳಿ ಹೂಗಳನ್ನು ಕಿತ್ತೆಸೆದಿದ್ದರೆ, ಈ ಕಥೆಯ ಮೊದಲ ಪುಟವೇ ಹರಿದುಹೋಗುತ್ತಿತ್ತು.