ದಾಯ್‌ಯುವಿನ ಸಾವು ಮತ್ತು ನಲವತ್ತೆರಡನೆಯ ಅಧ್ಯಾಯದ ಟಿಪ್ಪಣಿ

ಚೀನಾದ ಸಿಸಿಟಿವಿ 1987ರಲ್ಲಿ ಪ್ರಸಾರ ಮಾಡಿದ, ವಾಂಗ್ ಫುಲಿನ್ ನಿರ್ದೇಶನದ, ತ್ಸಾವ್ ಷುಯೆಛಿನ್‌ನ ಕಾದಂಬರಿಯನ್ನಾಧರಿಸಿದ 36 ಕಂತುಗಳ 'ಕೆಂಪು ಮಹಲಿನ ಕನಸು' ಧಾರಾವಾಹಿಯ ಮೇಲೊಂದು ಆಪಾದನೆ ಇಂದಿಗೂ ಉಳಿದಿದೆ: ಎರಡು ಶತಮಾನ ಜನ ಕಣ್ಣೀರಿಟ್ಟು ಓದಿದ ಮುಕ್ತಾಯವನ್ನು ಕೈಬಿಟ್ಟು, ಪಂಡಿತರ ಊಹೆಯನ್ನು ತೆರೆಗೆ ತಂದರು ಎಂದು. 1791ರಲ್ಲಿ ಅಚ್ಚಾದ 120 ಅಧ್ಯಾಯಗಳ ಪ್ರತಿಯಲ್ಲಿ ನಾಯಕ ಬಾವೊಯುವನ್ನು, ವಧು ಅವನ ಒಲವಿನ ದಾಯ್‌ಯುವೇ ಎಂದು ನಂಬಿಸಿ, ಬಾವೊಛಾಯ್‌ಗೆ ಮದುವೆ ಮಾಡುತ್ತಾರೆ. ಅದೇ ಹೊತ್ತಿಗೆ ಅತ್ತ ದಾಯ್‌ಯು ಪ್ರಾಣ ಬಿಡುತ್ತಾಳೆ. ಧಾರಾವಾಹಿಯಲ್ಲಾದರೋ ಅವಳು ಸಾಯುವಾಗ ಬಾವೊಯು ಮನೆಯಲ್ಲೇ ಇಲ್ಲ, ಮದುವೆ ಆಮೇಲಿನ ಮಾತು. ಈ ಬದಲಾವಣೆಗೆ ಆಧಾರವೇ ಇಲ್ಲ ಎನ್ನುವವರು ಕಾದಂಬರಿಯ ಟಿಪ್ಪಣಿಸಹಿತ ಗೆಂಗ್‌ಛೆನ್ ಹಸ್ತಪ್ರತಿಯನ್ನು ಬಿಡಿಸಿ ನೋಡಿಲ್ಲ ಎಂದೇ ಹೇಳಬೇಕು.

ಆ ಪ್ರತಿಯ 42ನೆಯ ಅಧ್ಯಾಯಕ್ಕೆ ಮುನ್ನ ಒಂದು ಟಿಪ್ಪಣಿಯಿದೆ. ಕೃತಿ 38ನೆಯ ಅಧ್ಯಾಯಕ್ಕೆ ಬಂದು ಮೂರನೆಯ ಒಂದು ಪಾಲನ್ನು ದಾಟಿದೆ, ದಾಯ್‌ಯು ತೀರಿಕೊಂಡ ಮೇಲೆ ಬಾವೊಛಾಯ್ ಬಗ್ಗೆ ಬರುವ ಬರಹವನ್ನು ನೋಡಿದರೆ ತನ್ನ ಮಾತು ದಿಟವೆಂದು ತಿಳಿಯುತ್ತದೆ ಎಂಬುದು ಅದರ ತಾತ್ಪರ್ಯ. ಟಿಪ್ಪಣಿಕಾರನ ಕಣ್ಣ ಮುಂದೆ ಆ ಬರಹ ಇತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ದಾಯ್‌ಯು ಮೊದಲು ಹೋಗುತ್ತಾಳೆ, ಕಥೆಯಲ್ಲಿ ಬಾವೊಛಾಯ್ ಉಳಿಯುತ್ತಾಳೆ: ಇಷ್ಟು ಗಟ್ಟಿ. ಆದರೆ ಮದುವೆಗೂ ಸಾವಿಗೂ ನಡುವೆ ಎಷ್ಟು ಕಾಲ ಕಳೆಯಿತು, ಬಾವೊಯು ಆಗ ಎಲ್ಲಿದ್ದ, ಇವೆರಡರ ಬಗ್ಗೆ ಟಿಪ್ಪಣಿ ಮೌನವಾಗಿದೆ. ಆ ಮೌನವನ್ನು ತುಂಬಿದ್ದು ಚಿತ್ರಕಥೆ. ಅಚ್ಚಿನ ಪ್ರತಿಯಲ್ಲಿ 80ನೆಯ ಅಧ್ಯಾಯದ ಮುಂದೆ ಗಾವೊ ಅ ಹೆಸರಿನಲ್ಲಿರುವ ಮುಂದುವರಿಕೆಯನ್ನು ಕಟುವಾಗಿ ಖಂಡಿಸಿದ ವಿದ್ವಾಂಸ ಜೋವ್ ರುಛಾಂಗ್ ಅವರ ಬಗ್ಗೆ ನನಗೆ ಅಪಾರ ಗೌರವವಿದೆ; ಆದರೆ ಅವರ ಪಕ್ಷದವರು ಈ ತುಂಬಿಕೆಯನ್ನೂ ತ್ಸಾವ್ ಷುಯೆಛಿನ್‌ನ ಯೋಜನೆಯೆಂದೇ ಸಾರುವುದನ್ನು ಒಪ್ಪಲಾರೆ. 'ಮೂರನೆಯ ಒಂದು ಪಾಲು' ಎಂಬುದನ್ನು ಹಿಡಿದು ಮೂಲಕೃತಿ 114 ಅಧ್ಯಾಯ ಮುಟ್ಟಿರಲಿಲ್ಲ, ಆದ್ದರಿಂದ 120 ಸುಳ್ಳು ಎನ್ನುವ ಲೆಕ್ಕವೂ ನಿಲ್ಲುವುದಿಲ್ಲ. ಟಿಪ್ಪಣಿ 38 ಎನ್ನುತ್ತದೆ, ಆದರೆ ಅದಿರುವುದು 42ರ ಮುಂದೆ. ವಿಂಗಡಣೆ ನಡುವೆ ಬದಲಾಗಿದ್ದರೆ ಈಗಿನ ಎಣಿಕೆಯಲ್ಲಿ ಮಿತಿ 126ಕ್ಕೆ ಏರುತ್ತದೆ, 120 ಅದರೊಳಗೇ ಬರುತ್ತದೆ.

ಧಾರಾವಾಹಿಯ ಕೊನೆಯಲ್ಲಿ ಬರುವ ಸೆರೆಮನೆಯ ಪ್ರಸಂಗದ ಸ್ಥಿತಿ ಬೇರೆ. ಸೆರೆಮನೆ ದೇವರ ಗುಡಿಯಲ್ಲಿ ಬಾವೊಯುವನ್ನು ಸಂತೈಸುವ ಭಾಗವೂ ಸೇರಿ ಐದಾರು ಕರಡುಗಳನ್ನು ಓದಲು ಒಯ್ದವರು ಕಳೆದುಹಾಕಿದರೆಂದು 1767ರ ಟಿಪ್ಪಣಿಯೊಂದರಲ್ಲಿ ಟಿಪ್ಪಣಿಕಾರ ಜೀಹು ಸೋವ್ ಮರುಗುತ್ತಾನೆ. ಇನ್ನೊಂದರಲ್ಲಿ ಅಲ್ಲಿ ಬರುವ ಸೇವಕಿಯರನ್ನು ಹೆಸರಿಸುತ್ತಾನೆ, ಹೊಂಗ್‌ಯು ಅವರಲ್ಲೊಬ್ಬಳು. ಅಚ್ಚಿನ ಪ್ರತಿಯಲ್ಲಿ ಈ ಪ್ರಸಂಗದ ಸುಳಿವೇ ಇಲ್ಲ. ಅಲ್ಲಿ ಬಾವೊಯು ಪರೀಕ್ಷೆ ಪಾಸಾಗಿ ಸನ್ಯಾಸಿಯಾಗುತ್ತಾನೆ, ಮನೆತನ ಮತ್ತೆ ಚಿಗುರುತ್ತದೆ. ಹೀಗಾಗಿ ಮುಕ್ತಾಯವನ್ನು ಬದಲಿಸಿದ ಕೊನೆಯ ಏಳು ಕಂತುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದೇ ತಪ್ಪು.

ಮದುವೆ ಮತ್ತು ಸಾವು ಒಂದೇ ಗಳಿಗೆಗೆ ಕೂಡದಿದ್ದರೆ ದುಃಖ ಸೊರಗುತ್ತದೆ ಎಂಬ ಆಕ್ಷೇಪವೂ ಇದೆ. 1962ರ ಯುಯೆ ಒಪೆರಾ ಸಿನಿಮಾ ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಆ ಕೂಡಿಕೆಗೆ ಮೋಸದ ಮದುವೆ ಬೇಕು, ಮೋಸಕ್ಕೆ ಮನೆವಾರ್ತೆ ನೋಡುವ ಸೊಸೆ ಷಿಫೆಂಗ್‌ಳ ತಂತ್ರ ಬೇಕು, ಅದಕ್ಕೆ ಮೊಮ್ಮಗಳು ದಾಯ್‌ಯುವನ್ನು ಎದೆಗಪ್ಪಿಕೊಂಡು ಸಾಕಿದ ಅಜ್ಜಿಯ ಸಮ್ಮತಿಯೂ ಬೇಕು. ತ್ಸಾವ್‌ನವೇ ಆದ ಮೊದಲ 80 ಅಧ್ಯಾಯಗಳ ಅಜ್ಜಿ ಅಂಥವಳಲ್ಲ. ಧಾರಾವಾಹಿ ಅವಳನ್ನು ಆ ಕಳಂಕದಿಂದ ಬಿಡಿಸಿತು. ಟಿಪ್ಪಣಿಯಲ್ಲಿ ಇಲ್ಲದ ವಿವರಗಳನ್ನು ಸೇರಿಸಿದರೂ, 80 ಅಧ್ಯಾಯಗಳ ಪಾತ್ರಸ್ವಭಾವಕ್ಕೆ ಅಚ್ಚಿನ ಪ್ರತಿಗಿಂತ ಹತ್ತಿರ ನಿಂತಿತು.